ಕಟಕಟೆಯಿಲ್ಲದ ಕೋಣೆ: ಹದಿನಾರು ದಾಟಿದ ಆರೋಪಿಯ ಮನಸ್ಸನ್ನು ಅಳೆಯುವುದು ಹೇಗೆ?

ಬಾಲನ್ಯಾಯ ಕಾಯ್ದೆಯಡಿ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾದರಿ ನಿಯಮಗಳಲ್ಲಿ, ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ನೋಡುವ ಬಾಲನ್ಯಾಯ ಮಂಡಳಿ ಕೂರುವ ಜಾಗ ಯಾವ ರೀತಿಯಲ್ಲೂ ನ್ಯಾಯಾಲಯದಂತೆ ಕಾಣಬಾರದು ಎಂಬ ಮಾತಿದೆ. ಮ್ಯಾಜಿಸ್ಟ್ರೇಟರು ಎತ್ತರದ ಪೀಠದ ಮೇಲೆ ಕೂರುವಂತಿಲ್ಲ. ಅವರಿಗೂ ಎದುರಿಗಿರುವ ಹುಡುಗನಿಗೂ ನಡುವೆ ಕಟಕಟೆಯಾಗಲಿ ಕಂಬಿಗಳಾಗಲಿ ಇರಕೂಡದು. ಪ್ರಕರಣಕ್ಕೆ ಸಂಬಂಧವಿಲ್ಲದ ಯಾರೂ ಒಳಗೆ ಉಳಿಯುವಂತಿಲ್ಲ. ಕರೆತರುವ ಪೊಲೀಸರು ಸಮವಸ್ತ್ರ ತೊಡಬಾರದು, ಹುಡುಗನ ಕೈಗೆ ಕೋಳ ಹಾಕಬಾರದು. ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು ಸದಸ್ಯರಾಗಿ ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು.

ಕೊಲೆಯ ಆರೋಪ ಹೊತ್ತ ಹದಿಹರೆಯದವನೊಬ್ಬನನ್ನು ನಡುವೆ ನಿಲ್ಲಿಸಿ ಹೆಣೆಯುವ ನ್ಯಾಯಾಲಯದ ಕಥೆಗಳಿಗೆ ಈ ನಿಯಮಗಳೆಲ್ಲ ತೊಡಕೇ. ಕಥೆಗೆ ಬೇಕಾದದ್ದು ಜನ ಕಿಕ್ಕಿರಿದ ಸಭಾಂಗಣ, ಏರುದನಿಯ ಪಾಟೀಸವಾಲು, ಕೊನೆಯ ಕಂತಿನಲ್ಲಿ ತಡವರಿಸುವ ಸಾಕ್ಷಿ. ಅಂಥ ಕಥೆಗಳು ಕೇಳುವ ಪ್ರಶ್ನೆಯೂ ಒಂದೇ: ಹುಡುಗ ಆ ಕೃತ್ಯ ಮಾಡಿದನೋ ಇಲ್ಲವೋ. ಆದರೆ ಭಾರತದಲ್ಲಿ 16 ವರ್ಷ ತುಂಬಿದ, 18 ತುಂಬದ ಒಬ್ಬನ ಮೇಲೆ ಕೊಲೆ ಅಥವಾ ಅತ್ಯಾಚಾರದ ಆರೋಪ ಬಂದಾಗ, ಆ ಪ್ರಶ್ನೆಯ ಸರದಿ ಬರುವುದಕ್ಕೆ ಮೊದಲೇ ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು. ಅವನನ್ನು ಮಗುವೆಂದು ವಿಚಾರಿಸಬೇಕೋ, ವಯಸ್ಕನೆಂದು ವಿಚಾರಿಸಬೇಕೋ? ಅವನ ಮುಂದಿನ ಬದುಕಿನ ಬಹುಪಾಲನ್ನು ನಿರ್ಧರಿಸುವುದು ಈ ಪ್ರಶ್ನೆಯೇ. ಇದಕ್ಕೆ ಉತ್ತರ ಸಿಗುವುದು ಯಾರೂ ನೋಡದ ಆ ಕೋಣೆಯಲ್ಲಿ, ಒಂದು ಸಾಕ್ಷ್ಯವೂ ಪರೀಕ್ಷೆಗೆ ಒಳಪಡುವ ಮುನ್ನ. ಈ ಲೇಖನ ಆ ಹಂತವನ್ನು ಕುರಿತದ್ದು. ಕಾಯ್ದೆ ಅದನ್ನು ‘ಪ್ರಾಥಮಿಕ ಮೌಲ್ಯಮಾಪನ’ ಎಂದು ಕರೆಯುತ್ತದೆ. ಅದು ವಿಚಾರಣೆಯಲ್ಲ ಎಂಬ ವಿವರಣೆಯನ್ನೂ ಕಾಯ್ದೆಯೇ ಸೇರಿಸಿದೆ. ವಿಚಾರಣೆಗಿಂತ ಹೆಚ್ಚಿನದನ್ನು ನಿರ್ಧರಿಸಿಬಿಡುವ ಹಂತವನ್ನು ವಿಚಾರಣೆಯಲ್ಲ ಎಂದು ಕರೆದದ್ದರಿಂದಲೇ ಇಂದಿನ ಅನೇಕ ಗೊಂದಲಗಳು ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಕಾನೂನು ಇಲ್ಲಿಗೆ ಬಂದು ನಿಂತ ದಾರಿಯನ್ನು ಮೊದಲು ನೋಡಬೇಕು. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಗಂಡುಮಕ್ಕಳಿಗೆ ಇದ್ದ ಮಿತಿ 16 ವರ್ಷ, ಹೆಣ್ಣುಮಕ್ಕಳಿಗೆ 18. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತ್ತು. ಅದಕ್ಕೆ ಹೊಂದುವಂತೆ 2000ದ ಕಾಯ್ದೆ ಇಬ್ಬರಿಗೂ 18 ಎಂದು ಗೆರೆ ಎಳೆಯಿತು. ಹನ್ನೆರಡು ವರ್ಷ ಆ ಗೆರೆಯ ಬಗ್ಗೆ ಸಾರ್ವಜನಿಕವಾಗಿ ದೊಡ್ಡ ತಕರಾರು ಏಳಲಿಲ್ಲ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. 2013ರ ಆಗಸ್ಟ್ 31ರಂದು ಬಾಲನ್ಯಾಯ ಮಂಡಳಿ ಅವನನ್ನು ತಪ್ಪಿತಸ್ಥನೆಂದು ಕಂಡು, ಕಾನೂನು ಅನುಮತಿಸುತ್ತಿದ್ದ ಗರಿಷ್ಠ ಅವಧಿಯಾದ ಮೂರು ವರ್ಷ ವಿಶೇಷ ಗೃಹದಲ್ಲಿಡಲು ಆದೇಶಿಸಿತು. ಉಳಿದ ಐವರಲ್ಲಿ ಒಬ್ಬ ವಿಚಾರಣೆಯ ನಡುವೆಯೇ ಜೈಲಿನಲ್ಲಿ ಸತ್ತಿದ್ದ; ನಾಲ್ವರಿಗೆ ಗಲ್ಲು, ಇವನಿಗೆ ಮೂರು ವರ್ಷ. ದೇಶದ ಸಿಟ್ಟು ಆ ಅಂತರದ ಮೇಲೆ ಬಂದು ಕೂತಿತು.

ಆ ಸಿಟ್ಟಿನ ನಡುವೆಯೂ ಕೆಲವರು ಬೇರೆ ಮಾತಾಡಿದ್ದರು. ದೆಹಲಿ ಪ್ರಕರಣದ ನಂತರ ಕಾನೂನು ತಿದ್ದುಪಡಿಗೆ ಸಲಹೆ ಕೊಡಲು ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ವಯೋಮಿತಿಯನ್ನು ಇಳಿಸಲು ಒಪ್ಪಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಿತಿಯನ್ನು ಮುಟ್ಟಲು ನಿರಾಕರಿಸಿತು, 2014ರ ಮಾರ್ಚ್‌ನಲ್ಲಿ ಮತ್ತೊಂದು ತೀರ್ಪಿನಲ್ಲಿ ಆ ನಿಲುವನ್ನು ಎತ್ತಿಹಿಡಿಯಿತು. ಹೊಸ ಮಸೂದೆಯನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯೂ 2015ರಲ್ಲಿ, 16ರಿಂದ 18ರ ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವ ಏರ್ಪಾಡನ್ನು ವಿರೋಧಿಸಿತು. ಆದರೂ ಲೋಕಸಭೆ ಆ ವರ್ಷದ ಮೇ ತಿಂಗಳಲ್ಲಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆಯಲ್ಲಿ ತಿಂಗಳುಗಟ್ಟಲೆ ತಡೆದು ನಿಂತಿದ್ದ ಅದು, ದೆಹಲಿ ಪ್ರಕರಣದ ಆ ಬಾಲಾರೋಪಿ 2015ರ ಡಿಸೆಂಬರ್ 20ರಂದು ಬಿಡುಗಡೆಯಾದ ಎರಡೇ ದಿನಕ್ಕೆ, ಡಿಸೆಂಬರ್ 22ರಂದು, ಅಂಗೀಕಾರವಾಯಿತು. ಕಾಯ್ದೆ 2016ರ ಜನವರಿ 15ರಿಂದ ಜಾರಿಗೆ ಬಂತು. ಅವನನ್ನು ನೆನೆದು ಮಾಡಿದ ಕಾಯ್ದೆ ಅವನಿಗೇ ಅನ್ವಯಿಸುವಂತಿರಲಿಲ್ಲ, ಏಕೆಂದರೆ ಕೃತ್ಯ ನಡೆದ ದಿನ ಇಲ್ಲದಿದ್ದ ಶಿಕ್ಷೆಯನ್ನು ಆಮೇಲೆ ಹೇರಲು ಸಂವಿಧಾನದ 20ನೇ ವಿಧಿ ಬಿಡುವುದಿಲ್ಲ. ಅದು ಅನ್ವಯಿಸಿದ್ದು ಅವನ ನಂತರ ಬಂದ, ಯಾರೂ ಅರಿಯದ ಬೇರೆ ಮಕ್ಕಳಿಗೆ.

ಆ ಮಕ್ಕಳ ಸಂಖ್ಯೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ 18 ವರ್ಷದೊಳಗಿನವರ ಮೇಲೆ ದಾಖಲಾದ ಪ್ರಕರಣಗಳು 30,555. ಹಿಂದಿನ ವರ್ಷ 31,170 ಇದ್ದವು. 2022ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧಗಳು 58 ಲಕ್ಷಕ್ಕೂ ಹೆಚ್ಚು. ಅಂದರೆ ನೂರಕ್ಕೆ ಸುಮಾರು ಅರ್ಧದಷ್ಟು, ಅದೂ ಚಿಕ್ಕಪುಟ್ಟ ಕಳ್ಳತನಗಳನ್ನೂ ಸೇರಿಸಿಕೊಂಡು.

ಇನ್ನು ಕಾಯ್ದೆಯ 15ನೇ ಕಲಮು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಅಪರಾಧಗಳನ್ನು ಕಾಯ್ದೆ ‘ಘೋರ ಅಪರಾಧ’ಗಳೆಂದು ಗುರುತಿಸುತ್ತದೆ. 16 ತುಂಬಿದವನ ಮೇಲೆ ಅಂಥ ಆರೋಪ ಬಂದರೆ ಮಂಡಳಿ ಮೂರು ವಿಷಯಗಳನ್ನು ನೋಡಬೇಕು: ಆ ಅಪರಾಧ ಎಸಗಲು ಅವನಿಗಿದ್ದ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಅದರ ಪರಿಣಾಮಗಳನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಮತ್ತು ಅದನ್ನು ಎಸಗಿದನೆನ್ನಲಾದ ಸಂದರ್ಭ. ಹುಡುಗನನ್ನು ಮೊದಲ ಸಲ ಹಾಜರುಪಡಿಸಿದ ಮೂರು ತಿಂಗಳೊಳಗೆ ಇದು ಮುಗಿಯಬೇಕು. ವಯಸ್ಕನಂತೆ ವಿಚಾರಿಸುವ ಅಗತ್ಯವಿದೆಯೆಂದು ಮಂಡಳಿಗೆ ಅನ್ನಿಸಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಹೆಸರು ಮಕ್ಕಳದ್ದಾದರೂ ಅದು ಸೆಷನ್ಸ್ ದರ್ಜೆಯ ನ್ಯಾಯಾಲಯ. ಆ ನ್ಯಾಯಾಲಯ ಮಂಡಳಿಯ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ, ಅಗತ್ಯವಿದೆಯೇ ಎಂದು ತಾನೂ ನಿರ್ಧರಿಸಬೇಕು. ಮಂಡಳಿಯಲ್ಲೇ ಉಳಿದರೆ ಗರಿಷ್ಠ ಮೂರು ವರ್ಷ ವಿಶೇಷ ಗೃಹ. ದಾಟಿಹೋದರೆ ಗಲ್ಲು ಮತ್ತು ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಎರಡನ್ನು ಬಿಟ್ಟು ವಯಸ್ಕರಿಗಿರುವ ಎಲ್ಲ ಶಿಕ್ಷೆಗಳಿಗೂ ಬಾಗಿಲು ತೆರೆಯುತ್ತದೆ. ಮೂರು ವರ್ಷಕ್ಕೂ ಜೀವಾವಧಿಗೂ ನಡುವೆ ಮೆಟ್ಟಿಲುಗಳೇ ಇಲ್ಲದ ಈ ಏರ್ಪಾಡಿನಲ್ಲಿ, ಸಂತ್ರಸ್ತರ ಕಡೆಯವರು ಹುಡುಗನನ್ನು ದಾಟಿಸಲು ಯಾಕೆ ಅಷ್ಟು ಪಟ್ಟು ಹಿಡಿಯುತ್ತಾರೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಅವರನ್ನು ಸೇಡಿನ ಮನಸ್ಸಿನವರೆಂದು ಹಳಿಯುವುದು ಅನ್ಯಾಯ. ಕಾನೂನು ಅವರ ಮುಂದಿಟ್ಟಿರುವ ಆಯ್ಕೆಗಳೇ ಅಷ್ಟು.

ಈ ಕಲಮು ವ್ಯವಹಾರದಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಗುರುಗ್ರಾಮದ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 2017ರ ಸೆಪ್ಟೆಂಬರ್ 8ರ ಬೆಳಿಗ್ಗೆ ಅಲ್ಲಿನ ಒಂದು ಖಾಸಗಿ ಶಾಲೆಯ ಶೌಚಾಲಯದಲ್ಲಿ ಎರಡನೇ ತರಗತಿಯ ಏಳು ವರ್ಷದ ಬಾಲಕನೊಬ್ಬ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ. ರಾಜ್ಯದ ಪೊಲೀಸರು ಅಂದೇ ಶಾಲಾ ಬಸ್ಸಿನ ನಿರ್ವಾಹಕನನ್ನು ಹಿಡಿದರು; ಅವನು ತಪ್ಪೊಪ್ಪಿಕೊಂಡಿದ್ದಾನೆ ಎಂದೂ ಹೇಳಿದರು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ಕಥೆಯೇ ಬದಲಾಯಿತು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. ನಿರ್ವಾಹಕನಿಗೆ ಜಾಮೀನು ಸಿಕ್ಕಿತು, ಆಮೇಲೆ ಆರೋಪದಿಂದಲೇ ಬಿಡುಗಡೆಯಾಯಿತು. ಕೃತ್ಯದ ದಿನ ಆ ವಿದ್ಯಾರ್ಥಿಗೆ 16 ವರ್ಷ ಐದು ತಿಂಗಳು. ಸುದ್ದಿವಾಹಿನಿಗಳು ಹೆಸರು ಹಿಡಿದು ಕೂಗಾಡುವುದನ್ನು ತಡೆಯಲು ನ್ಯಾಯಾಲಯ ಪ್ರಕರಣದವರಿಗೆ ಬದಲಿ ಹೆಸರುಗಳನ್ನೇ ಕೊಟ್ಟಿತು. ಸತ್ತ ಮಗು ‘ಪ್ರಿನ್ಸ್’ ಆದ, ಆರೋಪಿ ‘ಭೋಲು’ ಆದ, ಶಾಲೆ ಬರೀ ‘ವಿದ್ಯಾಲಯ’ವಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನ ಶೀರ್ಷಿಕೆಯಲ್ಲೂ ಆ ಹುಡುಗ ಇಂದಿಗೂ ಭೋಲು.

ನಿರ್ವಾಹಕನ ಸಂಗತಿಯನ್ನು ಇಲ್ಲಿ ಎತ್ತಿ ಹೇಳುವುದಕ್ಕೆ ಕಾರಣವಿದೆ. ವಯಸ್ಕನೊಬ್ಬ ‘ಒಪ್ಪಿಕೊಂಡ’ ಅಪರಾಧ ಅವನದ್ದಲ್ಲವೆಂದು ಎರಡೇ ತಿಂಗಳಲ್ಲಿ ತೇಲಿದ ಪ್ರಕರಣ ಇದು. ತನಿಖೆ ಎಷ್ಟು ಸುಲಭವಾಗಿ ತಪ್ಪು ಮನುಷ್ಯನ ಮೇಲೆ ಬೆರಳಿಡಬಲ್ಲದು ಎಂಬುದಕ್ಕೆ ಪುರಾವೆ ಅದೇ ಕಡತದ ಮೊದಲ ಪುಟಗಳಲ್ಲಿತ್ತು. ಹಾಗಿದ್ದೂ ಮಂಡಳಿಯ ಮುಂದೆ ಬಂದ ಪ್ರಶ್ನೆ, ಈ ಹುಡುಗನೇ ಮಾಡಿದನೇ ಎಂಬುದಾಗಿರಲಿಲ್ಲ. ಮಾಡಲು ಇವನಿಗೆ ಸಾಮರ್ಥ್ಯವಿತ್ತೇ ಎಂಬುದಾಗಿತ್ತು.

2017ರ ಡಿಸೆಂಬರ್ 20ರಂದು ಮಂಡಳಿ ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂದಿತು. ಮಕ್ಕಳ ನ್ಯಾಯಾಲಯ 2018ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಎರಡನ್ನೂ ರದ್ದುಪಡಿಸಿ ಹೊಸದಾಗಿ ಮೌಲ್ಯಮಾಪನ ಮಾಡಲು ಹೇಳಿತು. ಬಾಲಕನ ತಂದೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2022ರ ಜುಲೈ 13ರಂದು ನ್ಯಾಯಮೂರ್ತಿಗಳಾದ ದಿನೇಶ್ ಮಾಹೇಶ್ವರಿ ಮತ್ತು ವಿಕ್ರಮ್ ನಾಥ್ ಅವರ ಪೀಠ ಹೈಕೋರ್ಟಿನ ನಿಲುವನ್ನು ಎತ್ತಿಹಿಡಿಯಿತು. ಈ ಕಲಮಿನ ಬಗ್ಗೆ ಇವತ್ತಿಗೂ ಆಧಾರವಾಗಿರುವ ತೀರ್ಪು ಇದೇ.

ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಅಂಶಗಳು. ಮೊದಲನೆಯದು ಬುದ್ಧಿಮಟ್ಟದ ಅಂಕಿಯ ಕುರಿತದ್ದು. ಮನಶ್ಶಾಸ್ತ್ರಜ್ಞರು ಹುಡುಗನ ಐಕ್ಯೂ ಅಳೆದು ವರದಿ ಕೊಟ್ಟಿದ್ದರು. ಕೆಳಗಿನ ಹಂತದಲ್ಲಿ, ಕೃತ್ಯ ಎಸಗುವ ಸಾಮರ್ಥ್ಯ ಇರುವವನಿಗೆ ಅದರ ಪರಿಣಾಮವೂ ಗೊತ್ತಿರುತ್ತದೆ ಎಂಬಂತೆ ಎರಡನ್ನೂ ಒಂದೇ ಮಾಡಿಬಿಟ್ಟಿದ್ದರು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಚಾಕುವಿನಿಂದ ಕತ್ತು ಕೊಯ್ದರೆ ಸಾವು ಬರುತ್ತದೆ ಎಂಬುದು ತತ್‌ಕ್ಷಣದ ಪರಿಣಾಮ. ಅದು ಹತ್ತು ವರ್ಷದವನಿಗೂ ಗೊತ್ತು. ಆ ಸಾವು ಸತ್ತವನ ಮನೆಗೆ, ತನ್ನ ಮನೆಗೆ, ತನ್ನದೇ ಮುಂದಿನ ಬದುಕಿಗೆ ಏನು ಮಾಡುತ್ತದೆ ಎಂಬ ದೂರದ ಪರಿಣಾಮಗಳನ್ನು ತೂಗಿ ನೋಡುವ ಶಕ್ತಿ ಬೇರೆಯದೇ. ಗಣಿತದಲ್ಲಿ ನೂರಕ್ಕೆ ತೊಂಬತ್ತು ತೆಗೆಯುವ ಹುಡುಗನಿಗೂ ಈ ಶಕ್ತಿ ಇಲ್ಲದಿರಬಹುದು ಎಂಬುದನ್ನು ಹದಿಹರೆಯದ ಮಕ್ಕಳಿರುವ ಮನೆಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯದು ತಜ್ಞರ ಕುರಿತದ್ದು. ಮಂಡಳಿ ಮನಶ್ಶಾಸ್ತ್ರಜ್ಞರ ನೆರವು ‘ಪಡೆಯಬಹುದು’ ಎಂದು ಕಾಯ್ದೆಯಲ್ಲಿದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಕೀಯದಲ್ಲಿ ಪದವಿ ಪಡೆದು ವೃತ್ತಿ ನಡೆಸುವವರು ಯಾರೂ ಇಲ್ಲದಿದ್ದರೆ ಆ ‘ಬಹುದು’ ಎಂಬುದನ್ನು ‘ಲೇಬೇಕು’ ಎಂದು ಓದಿಕೊಳ್ಳಬೇಕೆಂದು ಪೀಠ ಹೇಳಿತು. ಮೌಲ್ಯಮಾಪನಕ್ಕೆ ಮಾರ್ಗಸೂಚಿ ರೂಪಿಸುವ ಕೆಲಸವನ್ನು ಸರ್ಕಾರಕ್ಕೂ ಮಕ್ಕಳ ಹಕ್ಕುಗಳ ಆಯೋಗಗಳಿಗೂ ಬಿಟ್ಟಿತು. ರಾಷ್ಟ್ರೀಯ ಆಯೋಗ 2023ರಲ್ಲಿ ಅಂಥದ್ದೊಂದನ್ನು ಹೊರಡಿಸಿತು.

ಕೆಳಹಂತದಲ್ಲಿ ನಡೆದ ಇನ್ನೊಂದು ಲೋಪವೂ ಹೈಕೋರ್ಟಿನ ಮುಂದೆ ಬಂದಿತ್ತು. ಹುಡುಗನನ್ನು ದಾಟಿಸಲು ಆಧಾರವಾದ, ಅವನ ಮನೆ ಮತ್ತು ಪರಿಸರವನ್ನು ವಿವರಿಸುವ ಸಾಮಾಜಿಕ ತನಿಖಾ ವರದಿ ಮತ್ತು ಮನಶ್ಶಾಸ್ತ್ರಜ್ಞರ ವರದಿಯನ್ನು ಅವನ ಕಡೆಯವರಿಗೆ ಓದಿ ಉತ್ತರಿಸಲು ಸರಿಯಾದ ಅವಕಾಶ ಸಿಕ್ಕಿರಲಿಲ್ಲ. ಅಮೆರಿಕದ ಕಾನೂನು ಓದಿದವರಿಗೆ ಇಲ್ಲಿ ಒಂದು ಹಳೆಯ ಹೆಸರು ನೆನಪಾಗುತ್ತದೆ. 1961ರಲ್ಲಿ ವಾಷಿಂಗ್ಟನ್ ನಗರದಲ್ಲಿ 16 ವರ್ಷದ ಕೆಂಟ್ ಎಂಬ ಹುಡುಗನ ಮೇಲೆ ದರೋಡೆ ಮತ್ತು ಅತ್ಯಾಚಾರದ ಆರೋಪ ಬಂತು. ಅವನ ಸಾಮಾಜಿಕ ಕಡತವನ್ನು ನೋಡಲು ಕೊಡಿ ಎಂದು ವಕೀಲರು ಅರ್ಜಿ ಹಾಕಿದ್ದರು. ಬಾಲ ನ್ಯಾಯಾಲಯದ ನ್ಯಾಯಾಧೀಶರು ಆ ಅರ್ಜಿಗೆ ಉತ್ತರವನ್ನೇ ಕೊಡದೆ, ಯಾರ ವಾದವನ್ನೂ ಕೇಳದೆ, ಕಾರಣವನ್ನೂ ಬರೆಯದೆ ಅವನನ್ನು ವಯಸ್ಕರ ನ್ಯಾಯಾಲಯಕ್ಕೆ ದಾಟಿಸಿಬಿಟ್ಟರು. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತು. ದಾಟಿಸುವ ಹಂತ ಇಡೀ ಪ್ರಕರಣದಲ್ಲಿ ನಿರ್ಣಾಯಕವಾದದ್ದು, ಆದ್ದರಿಂದ ವಾದಕ್ಕೆ ಅವಕಾಶ, ಕಡತ ನೋಡುವ ಹಕ್ಕು, ಬರೆದುಕೊಟ್ಟ ಕಾರಣ ಮೂರೂ ಬೇಕು ಎಂದಿತು. ಮಗುವಿಗೆ ವಯಸ್ಕನಿಗಿರುವ ರಕ್ಷಣೆಗಳೂ ಇಲ್ಲ, ಮಗುವಿಗೆ ಸಿಗಬೇಕಾದ ಆರೈಕೆಯೂ ಇಲ್ಲ ಎಂಬಂತಾಗುತ್ತಿದೆಯೇ ಎಂಬ ಆತಂಕವನ್ನೂ ಆ ತೀರ್ಪು ಬರೆದಿಟ್ಟಿತು. ಐವತ್ತು ವರ್ಷದ ನಂತರ ನಮ್ಮ ಸಂಸತ್ತು ಅದೇ ಬಗೆಯ ಹಂತವೊಂದನ್ನು ಕಾಯ್ದೆಯಲ್ಲಿ ಸೇರಿಸುವಾಗ, ಅದು ವಿಚಾರಣೆಯಲ್ಲ ಎಂಬ ವಾಕ್ಯವನ್ನು ಜೊತೆಗಿಟ್ಟಿತು.

ವಿಚಾರಣೆಯಲ್ಲ ಎಂಬ ಮಾತಿನ ಉದ್ದೇಶ ಕೆಟ್ಟದ್ದಲ್ಲ. ಮೂರು ತಿಂಗಳಲ್ಲಿ ಮುಗಿಯಬೇಕಾದ ಕೆಲಸ ಸಾಕ್ಷಿಗಳ ಮೆರವಣಿಗೆಯಾಗಬಾರದು, ಮಂಡಳಿ ತಪ್ಪಿತಸ್ಥನೆಂದು ಮೊದಲೇ ತೀರ್ಮಾನಿಸಿಬಿಡಬಾರದು ಎಂಬುದು ಅದರ ಆಶಯ. ಆದರೆ ಮೂರು ವಿಷಯಗಳಲ್ಲಿ ಕೊನೆಯದನ್ನು ಮತ್ತೊಮ್ಮೆ ಓದಿ ನೋಡಿ: ಅಪರಾಧ ಎಸಗಿದನೆನ್ನಲಾದ ಸಂದರ್ಭ. ಇದೇ ಕಾಯ್ದೆಯ 3ನೇ ಕಲಮು, 18 ತುಂಬುವವರೆಗೆ ಪ್ರತಿ ಮಗುವಿನಲ್ಲೂ ದುರುದ್ದೇಶವಾಗಲಿ ಅಪರಾಧದ ಇರಾದೆಯಾಗಲಿ ಇಲ್ಲವೆಂದೇ ಭಾವಿಸಬೇಕು ಎನ್ನುತ್ತದೆ. ಹುಡುಗ ‘ನಾನು ಮಾಡಿಲ್ಲ’ ಎನ್ನುತ್ತಾನೆಂದು ಇಟ್ಟುಕೊಳ್ಳೋಣ. ಮಾಡದ ಕೃತ್ಯದ ಸಂದರ್ಭವನ್ನು ಅವನು ಹೇಗೆ ವಿವರಿಸಬೇಕು? ಆ ದಿನ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ತಜ್ಞರು ಕೇಳಿದರೆ ಏನು ಹೇಳಬೇಕು? ಉತ್ತರಿಸಿದರೆ ಅಪರಾಧವನ್ನು ಅರೆಬರೆ ಒಪ್ಪಿಕೊಂಡಂತೆ; ಸುಮ್ಮನಿದ್ದರೆ ಮೊಂಡ, ಪಶ್ಚಾತ್ತಾಪವಿಲ್ಲದವ ಎಂಬ ಸಾಲು ವರದಿಯಲ್ಲಿ ಬರುವ ಅಪಾಯ. ವಯಸ್ಕ ಆರೋಪಿಗೆ ಮೌನವಾಗಿರುವ ಹಕ್ಕು ಕೊನೆಯವರೆಗೂ ಇರುತ್ತದೆ. ಮಗುವಿಗೂ ಕಾಗದದ ಮೇಲೆ ಅದು ಇದೆ. ಆದರೆ ಮೌನವಾಗಿದ್ದವನ ಮನಸ್ಸನ್ನು ಅಳೆಯುವುದು ಹೇಗೆ?

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಈ ಇಕ್ಕಟ್ಟಿಗೆ ಒಂದು ದಾರಿ ಹುಡುಕಿದೆ. ಬಾಲನ್ಯಾಯ ಮಂಡಳಿಗಳ ಮುಂದೆ ಬರುವ ಮಕ್ಕಳ ಮೌಲ್ಯಮಾಪನಕ್ಕೆಂದು ಅದು ನಮೂನೆಗಳನ್ನೂ ಮಾರ್ಗದರ್ಶಿ ಟಿಪ್ಪಣಿಗಳನ್ನೂ ಸಿದ್ಧಪಡಿಸಿದೆ. ‘ಸಂದರ್ಭ’ ಎಂದರೆ ಕೃತ್ಯ ನಡೆದ ಆ ಗಳಿಗೆಯಷ್ಟೇ ಅಲ್ಲ. ಮಗು ಹುಟ್ಟಿ ಬೆಳೆದ ಮನೆ, ಶಾಲೆಯಿಂದ ಹೊರಬಿದ್ದದ್ದು, ಸಹವಾಸ, ಅನುಭವಿಸಿದ ಹಿಂಸೆ, ಚಟ ಇವೆಲ್ಲ ಸೇರಿದ ಇಡೀ ಬದುಕಿನ ಸಂದರ್ಭ ಎಂಬ ಓದು ಅದರದ್ದು. ಇದರಿಂದ ಪ್ರಶ್ನೆ ಅಪರಾಧದ ದಿನದಿಂದ ದೂರ ಸರಿದು ಹುಡುಗನತ್ತ ತಿರುಗುತ್ತದೆ, ಅಪರಾಧ ಒಪ್ಪದ ಮಗುವೂ ಬಾಯಿ ಬಿಡಬಹುದಾದ ಜಾಗ ಸಿಗುತ್ತದೆ. ಇದು ಜಾಣ ಓದು, ಕರುಣೆಯ ಓದು ಕೂಡ. ಆದರೆ ಇದು ಕಾಯ್ದೆಯ ಪದಗಳನ್ನು ಹಿಗ್ಗಿಸಿ ಮಾಡಿಕೊಂಡ ದಾರಿ. ಬೆಂಗಳೂರಿನಂಥ ಊರಿನಲ್ಲಿ ಇಂಥ ತರಬೇತಿ ಪಡೆದವರು ಸಿಗಬಹುದು. ಜಿಲ್ಲೆಗೊಂದು ಮಂಡಳಿ ಇರಬೇಕೆಂಬ ದೇಶದಲ್ಲಿ ಜಿಲ್ಲೆಗೊಬ್ಬ ಮಕ್ಕಳ ಮನೋವೈದ್ಯರನ್ನು ಹುಡುಕುವುದು ಬೇರೆ ಮಾತು.

ತಜ್ಞರು ಸಿಕ್ಕರೂ ಒಂದು ತೊಡಕು ಉಳಿಯುತ್ತದೆ. ಹದಿಹರೆಯದ ಮಿದುಳಿನಲ್ಲಿ ದುಡುಕನ್ನು ತಡೆಯುವ ಭಾಗ ಬೆಳೆಯುವುದು ತಡವಾಗಿ, ಇಪ್ಪತ್ತು ದಾಟಿದ ಮೇಲೂ ಅದು ಮಾಗುತ್ತಲೇ ಇರುತ್ತದೆ ಎಂಬುದು ಈಗ ಒಪ್ಪಿತವಾದ ವಿಚಾರ. ಆದರೆ ಅದು ಒಂದು ವಯಸ್ಸಿನವರ ಗುಂಪಿನ ಬಗ್ಗೆ ಹೇಳುವ ಮಾತು. ಇಂಥ ಹುಡುಗ ಇಂಥ ದಿನ ಎಷ್ಟು ಮಾಗಿದ್ದ ಎಂದು ಹೇಳುವ ಅಳತೆಗೋಲನ್ನು ಅದು ಕೊಡುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ, 18 ತುಂಬುವ ಮೊದಲು ಎಸಗಿದ ಅಪರಾಧಕ್ಕೆ ಮರಣದಂಡನೆ ಸಲ್ಲದೆಂದು ತೀರ್ಪು ಕೊಟ್ಟಾಗ ಇದನ್ನು ನೇರವಾಗಿ ಎದುರಿಸಿತ್ತು. ವಯಸ್ಸಿನ ಹುಡುಗಾಟವನ್ನೂ ತಿದ್ದಲಾಗದ ದುಷ್ಟತನವನ್ನೂ ಬೇರ್ಪಡಿಸುವುದು ಅನುಭವಿ ಮನಶ್ಶಾಸ್ತ್ರಜ್ಞರಿಗೂ ಕಷ್ಟ, ಸಮಾಜವಿರೋಧಿ ವ್ಯಕ್ತಿತ್ವ ದೋಷವೆಂಬ ಹಣೆಪಟ್ಟಿಯನ್ನು 18 ತುಂಬದವರಿಗೆ ಹಚ್ಚಲು ಮನೋವೈದ್ಯಕೀಯದ ನಿಯಮಗಳೇ ಬಿಡುವುದಿಲ್ಲ, ಹೀಗಿರುವಾಗ ಅಂಥ ತೀರ್ಮಾನವನ್ನು ಜೂರಿಗಳಿಗೆ ಬಿಡುವುದು ಸರಿಯಲ್ಲ ಎಂಬುದು ಅದರ ತರ್ಕ. ಅಲ್ಲಿ ಪ್ರಶ್ನೆ ಗಲ್ಲಿನದ್ದು, ಇಲ್ಲಿ ಮೂರು ವರ್ಷದ್ದೋ ಜೀವಾವಧಿಯದ್ದೋ. ಅಳೆಯಲಾಗದ್ದನ್ನು ಅಳೆಯಿರಿ ಎಂದು ತಜ್ಞರನ್ನು ಕೇಳುವುದು ಮಾತ್ರ ಎರಡೂ ಕಡೆ ಒಂದೇ.

ಮನಸ್ಸಿನ ಮಾತು ಬಿಡಿ, ವಯಸ್ಸು ಅಳೆಯುವುದೂ ಅಷ್ಟು ಸರಳವಲ್ಲ. 94ನೇ ಕಲಮಿನಂತೆ ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರ ಹುಟ್ಟುಹಬ್ಬವಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಜೂನ್ 1ರಂದು ಹುಟ್ಟಿದವರ ಪಟ್ಟಿ ಮಾಡಿದರೆ ಅರ್ಧ ಊರೇ ಬಂದೀತು. ಆ ಲೇಖನಿಯ ಗೀಟಿನಿಂದಲೇ ಒಬ್ಬ 15 ವರ್ಷ 11 ತಿಂಗಳಿನವನಾಗಿ ಮಂಡಳಿಯಲ್ಲೇ ಉಳಿಯಬಹುದು, ಇನ್ನೊಬ್ಬ 16 ದಾಟಿದವನಾಗಿ ಮೌಲ್ಯಮಾಪನಕ್ಕೆ ಒಳಗಾಗಬಹುದು. ಪುಣೆಯಲ್ಲಿ 1994ರಲ್ಲಿ ನಡೆದ ಸಾಮೂಹಿಕ ಕೊಲೆಯೊಂದರಲ್ಲಿ ಗಲ್ಲುಶಿಕ್ಷೆಗೆ ಒಳಗಾಗಿದ್ದ ವ್ಯಕ್ತಿಯೊಬ್ಬನನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ರಾಜಸ್ಥಾನದ ಶಾಲೆಯೊಂದರ ದಾಖಲೆಯ ಪ್ರಕಾರ ಕೃತ್ಯ ನಡೆದಾಗ ಅವನಿಗೆ ಹನ್ನೆರಡೇ ವರ್ಷ ಎಂದು ಅಷ್ಟು ಹೊತ್ತಿಗೆ ಸಾಬೀತಾಗಿತ್ತು. ಪ್ರಕರಣದ ಕಡತಗಳಲ್ಲಿ ಅವನ ಹೆಸರು ಕೂಡ ಬೇರೆಯಾಗಿ ದಾಖಲಾಗಿತ್ತು. ಜೈಲಿನಲ್ಲಿ ಅವನು ಕಳೆದದ್ದು 28 ವರ್ಷಕ್ಕೂ ಹೆಚ್ಚು. ಎತ್ತರದ ಪೀಠ, ಕಟಕಟೆ, ಕರಿಕೋಟು ಎಲ್ಲ ಇದ್ದ ನ್ಯಾಯಾಲಯಗಳು ಒಂದಾದ ಮೇಲೊಂದರಂತೆ ಅವನನ್ನು ಕಂಡಿದ್ದವು.

ಬ್ರಿಟನ್ನಿನ ಒಂದು ನ್ಯಾಯಾಲಯ ಎದುರಿಗಿದ್ದವರು ಮಕ್ಕಳೆಂದು ಗೊತ್ತಿದ್ದೇ ಅವರನ್ನು ವಯಸ್ಕರಂತೆ ನಿಲ್ಲಿಸಿತ್ತು. 1993ರಲ್ಲಿ ಪುಟ್ಟ ಮಗುವೊಂದನ್ನು ಕೊಂದ ಆರೋಪದ ಮೇಲೆ ಹನ್ನೊಂದು ವರ್ಷದ ಇಬ್ಬರು ಹುಡುಗರ ವಿಚಾರಣೆ ಪ್ರೆಸ್ಟನ್ ಪಟ್ಟಣದಲ್ಲಿ ಪತ್ರಕರ್ತರಿಂದ ತುಂಬಿದ ಸಭಾಂಗಣದಲ್ಲಿ ನಡೆಯಿತು. ಅವರಿಗೆ ಕಲಾಪ ಕಾಣಲಿ ಎಂದು ಕಟಕಟೆಯ ನೆಲವನ್ನು ಎತ್ತರಿಸಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರಲ್ಲಿ ಆ ವಿಚಾರಣೆ ನ್ಯಾಯಬದ್ಧವಾಗಿರಲಿಲ್ಲವೆಂದು ಹೇಳುವಾಗ ಆ ಎತ್ತರವನ್ನೂ ಗಮನಿಸಿತು. ಮಕ್ಕಳಿಗೆ ನೋಡಲು ಅನುಕೂಲವಾಗಲೆಂದು ಮಾಡಿದ್ದು, ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂಬ ಹಿಂಸೆಯನ್ನು ಅವರಿಗೆ ಹೆಚ್ಚಿಸಿತ್ತು. ಎತ್ತರದ ಪೀಠ ಬೇಡ, ಕಂಬಿ ಬೇಡ ಎಂಬ ನಮ್ಮ ನಿಯಮಗಳಿಗೆ ಎಷ್ಟು ಅರ್ಥವಿದೆ ಎಂಬುದು ಇದರಿಂದ ತಿಳಿಯುತ್ತದೆ. ಆ ಕೋಣೆಯ ರೂಪದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಕೇಳುವ ಪ್ರಶ್ನೆಯ ಬಗ್ಗೆಯಷ್ಟೇ.

ಕೋಣೆಯ ಬಾಗಿಲನ್ನು ಸಾರ್ವಜನಿಕರ ಸಿಟ್ಟು ತಟ್ಟಿದಾಗ ಏನಾಗುತ್ತದೆ ಎಂಬುದನ್ನು ಪುಣೆ ತೋರಿಸಿತು. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಐಟಿ ಉದ್ಯೋಗಿಗಳು ಸತ್ತರು. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ಸಿಕ್ಕಿತು. ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದು ಷರತ್ತುಗಳಲ್ಲಿ ಒಂದು. ದೇಶವೆಲ್ಲ ಆ ಪ್ರಬಂಧವನ್ನೇ ಹಿಡಿದುಕೊಂಡಿತು. ಮೂರು ದಿನದಲ್ಲಿ ಮಂಡಳಿ ತನ್ನ ಆದೇಶ ಬದಲಿಸಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜನ ಇನ್ನೂ ರಿಮ್ಯಾಂಡ್ ಹೋಂ ಎಂದೇ ಕರೆಯುವ ಜಾಗ ಅದು. ಜೂನ್ 25ರಂದು ಬಾಂಬೆ ಹೈಕೋರ್ಟ್ ಆ ವಶ ಕಾನೂನುಬಾಹಿರವೆಂದು ಹೇಳಿ ಅವನನ್ನು ಬಿಡಿಸಿತು. ಸಿಟ್ಟು ಸಹಜ. ಆದರೆ 12ನೇ ಕಲಮಿನಡಿ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಅಪರಾಧ ಎಷ್ಟು ಗಂಭೀರ ಎಂಬುದು ನಿರಾಕರಣೆಯ ಕಾರಣಗಳ ಪಟ್ಟಿಯಲ್ಲೇ ಇಲ್ಲ.

ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ 2025ರ ಜುಲೈ 15ರಂದು ತಳ್ಳಿಹಾಕಿತು. ಅನೇಕರಿಗೆ ಇದು ಶ್ರೀಮಂತಿಕೆಯ ಗೆಲುವೆಂದು ಕಂಡಿತು. ಕಾನೂನಿನ ಹಿನ್ನೆಲೆ ಗೊತ್ತಿದ್ದರೆ ಅಷ್ಟು ಅಚ್ಚರಿಯಾಗುತ್ತಿರಲಿಲ್ಲ. ದೆಹಲಿಯಲ್ಲಿ 2016ರಲ್ಲಿ 18 ತುಂಬಲು ದಿನಗಳಷ್ಟೇ ಬಾಕಿಯಿದ್ದ ಹುಡುಗನೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಒಬ್ಬರು ಸತ್ತಿದ್ದರು. ಆ ಪ್ರಕರಣದಲ್ಲಿ 2020ರ ಜನವರಿ 9ರಂದು ಸುಪ್ರೀಂ ಕೋರ್ಟ್, ಕೊಲೆಯಲ್ಲದ ನರಹತ್ಯೆಗೆ ಗರಿಷ್ಠ ಶಿಕ್ಷೆ ಜೀವಾವಧಿಯವರೆಗೂ ಇದ್ದರೂ ಕನಿಷ್ಠ ಶಿಕ್ಷೆ ಏಳು ವರ್ಷವೆಂದು ಎಲ್ಲೂ ಹೇಳಿಲ್ಲದ ಕಾರಣ ಅದು ‘ಘೋರ ಅಪರಾಧ’ವಾಗುವುದಿಲ್ಲ ಎಂದಿತು. 2021ರ ತಿದ್ದುಪಡಿ ಅಂಥ ಅಪರಾಧಗಳನ್ನು ‘ಗಂಭೀರ’ ಎಂಬ ಕೆಳಗಿನ ವರ್ಗಕ್ಕೇ ಸೇರಿಸಿತು. ಪುಣೆಯಲ್ಲಿ ನಿಜವಾಗಿ ದಿಗಿಲು ಹುಟ್ಟಿಸಬೇಕಾದ ಸಂಗತಿ ಬೇರೆಯಿತ್ತು: ಹುಡುಗನ ರಕ್ತದ ಮಾದರಿಯನ್ನೇ ಬದಲಿಸಲಾಯಿತೆಂಬ ಆರೋಪದ ಮೇಲೆ ವೈದ್ಯರೂ ಅವನ ತಂದೆತಾಯಿಯೂ ಬಂಧಿತರಾದರು. ಅದು ವಯಸ್ಕರ ಮೇಲಿನ ಆರೋಪ, ವಯಸ್ಕರ ನ್ಯಾಯಾಲಯದ್ದೇ ಪ್ರಶ್ನೆ. ಅದಕ್ಕೆ ಬಾಲನ್ಯಾಯ ಕಾಯ್ದೆಯನ್ನು ಬೈದು ಫಲವಿಲ್ಲ.

ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಈ ಹಂತದ ಬಗ್ಗೆ ಮುಖ್ಯ ಮಾತು ಹೇಳಿದೆ. 2024ರ ಮೇ 7ರಂದು ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ರಾಜೇಶ್ ಬಿಂದಲ್ ಅವರ ಪೀಠ, ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟ ಮೂರು ತಿಂಗಳ ಗಡುವು ಕಡ್ಡಾಯವಲ್ಲ, ದಾರಿ ತೋರುವ ಸ್ವರೂಪದ್ದಷ್ಟೇ ಎಂದಿತು. ಕಾರಣ ವಾಸ್ತವಿಕವೇ. ತಜ್ಞರ ವರದಿ ಬರುವುದು ತಡವಾದರೆ ಹುಡುಗನ ಕೈಯಲ್ಲೂ ಮಂಡಳಿಯ ಕೈಯಲ್ಲೂ ಏನೂ ಇರುವುದಿಲ್ಲ. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಪ್ರಕರಣದ ಗತಿ ಬದಲಾಗಬಾರದು. ಆದರೆ ಗಡುವು ಸಡಿಲವಾದಷ್ಟೂ ಈ ಹಂತದ ಒಳಗಿನ ವಿರೋಧಾಭಾಸ ಬೆಳೆಯುತ್ತದೆ. ಹದಿನಾರರ ಮನಸ್ಸನ್ನು ಹದಿನಾರರಲ್ಲೇ ನೋಡಿದರೆ ಏನಾದರೂ ಕಂಡೀತು. ಮಕ್ಕಳು ಬೆಳೆಯುವುದು ನ್ಯಾಯಾಲಯದ ತಾರೀಖುಗಳಿಗಿಂತ ವೇಗವಾಗಿ.

ಗುರುಗ್ರಾಮದ ಪ್ರಕರಣ ಸುಪ್ರೀಂ ಕೋರ್ಟಿನಿಂದ ಮರಳಿದ ಮೇಲೆ ಮಂಡಳಿ 2022ರ ಅಕ್ಟೋಬರ್ 17ರಂದು ಎರಡನೇ ಸಲ ಅದೇ ತೀರ್ಮಾನಕ್ಕೆ ಬಂತು: ವಯಸ್ಕನಂತೆ ವಿಚಾರಿಸಬೇಕು. ಮೂರು ದಿನದ ನಂತರ ಸುಪ್ರೀಂ ಕೋರ್ಟ್ ಅವನಿಗೆ ಜಾಮೀನು ಕೊಟ್ಟಿತು. ವಯಸ್ಕನೆಂದು ದಾಟಿಸಿದ ಮಗುವನ್ನೂ 21 ತುಂಬುವವರೆಗೆ ಜೈಲಿಗೆ ಹಾಕದೆ ಸುರಕ್ಷಿತ ಸ್ಥಳದಲ್ಲಿಡಬೇಕು, ಓದು, ಕಸುಬು, ಆಪ್ತಸಮಾಲೋಚನೆ ಕೊಡಬೇಕು, 21 ತುಂಬಿದಾಗ ಅವನು ತಿದ್ದಿಕೊಂಡಿದ್ದಾನೆಯೇ ಎಂದು ನೋಡಿ ಉಳಿದ ಶಿಕ್ಷೆಯನ್ನು ನಿರ್ಧರಿಸಬೇಕು ಎಂದು ಕಾಯ್ದೆಯ 19 ಮತ್ತು 20ನೇ ಕಲಮುಗಳು ಹೇಳುತ್ತವೆ. 2017ರ ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ 16 ವರ್ಷ ಐದು ತಿಂಗಳಿನ ಹುಡುಗನ ಮನಸ್ಸಿಗೆ ಏನು ಅರ್ಥವಾಗುತ್ತಿತ್ತು ಎಂಬುದಕ್ಕೆ ಮಂಡಳಿ ಆ ಎರಡನೇ ಉತ್ತರವನ್ನು ಬರೆದ ದಿನ, ಎದುರಿಗಿದ್ದವನಿಗೆ 21 ತುಂಬಿ ತಿಂಗಳುಗಳಾಗಿದ್ದವು. ಕೊಲೆಯನ್ನು ಅವನು ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯನ್ನು ಆ ದಿನದವರೆಗೂ ಯಾವ ನ್ಯಾಯಾಲಯವೂ ತೀರ್ಮಾನಿಸಿರಲಿಲ್ಲ.